ಸ್ಯಾಂ ಮಾಲೊಗೆ ಹೊರಟಿದ್ದೀರಾ? ಮೊದಲು ಉಬ್ಬರದ ಪಟ್ಟಿ ಓದಲು ಕಲಿಯಿರಿ

ಫ್ರಾನ್ಸಿಗೆ ಹೋದ ನಮ್ಮ ಕಡೆಯವರು ಪ್ಯಾರಿಸ್ ನೋಡುತ್ತಾರೆ, ಐಫೆಲ್ ಟವರಿನ ಎದುರು ಫೋಟೋ ತೆಗೆಸಿಕೊಳ್ಳುತ್ತಾರೆ, ಅಲ್ಲಿಂದ ಸೀದಾ ಸ್ವಿಟ್ಜರ್ಲೆಂಡಿನ ಬಸ್ಸು ಹತ್ತುತ್ತಾರೆ. ನಾವೂ ಹಾಗೇ ಮಾಡುವವರಿದ್ದೆವು. ಆದರೆ ಅಪ್ಪ ಮ್ಯಾಪ್ ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಇಷ್ಟು ದುಡ್ಡು ಕೊಟ್ಟು ಹೋಗುವುದು, ಅಲ್ಲಿ ಕಡಲು ಎಲ್ಲಿ ಉಂಟು?" ಮಲ್ಪೆಯಲ್ಲಿ ಮೂವತ್ತು ವರ್ಷ ಬೋಟು ನಡೆಸಿದ ತಾಂಡೇಲರಿಗೆ ಟವರ್ ತೋರಿಸಿದರೆ ಎಂತ ಪ್ರಯೋಜನ, ಹೇಳಿ.

ಹಾಗಾಗಿ ನಾನು, ಅಪ್ಪ, ಅಮ್ಮ ಮೂವರೂ ಫ್ರಾನ್ಸಿನ ಪಶ್ಚಿಮದ ತುದಿಯಲ್ಲಿರುವ ಬ್ರಿಟನಿಗೆ ಹೋದೆವು. ಬ್ರಿಟನ್ ಅಲ್ಲ, ಬ್ರಿಟನಿ. ಅಲ್ಲಿ ಸ್ಯಾಂ ಮಾಲೊ ಅಂತ ಕೋಟೆ ಗೋಡೆಯೊಳಗಿನ ಊರು, ಎದುರು ದಡದಲ್ಲಿ ದಿನಾರ್ ಅಂತ ಶ್ರೀಮಂತರ ಹಳೇ ಬೀಚ್ ಊರು. ಐದು ದಿನ ಇದ್ದೆವು. ಅದರಲ್ಲಿ ಒಂದು ದಿನ ನನ್ನ ಪೆದ್ದುತನದಿಂದ ಒಂದು ನಡುಗಡ್ಡೆಯಲ್ಲಿ ಸಿಕ್ಕಿಬಿದ್ದು ಆರು ಗಂಟೆ ಚಳಿಯಲ್ಲಿ ಕೂತದ್ದೂ ಆಯಿತು. ಉಡುಪಿ, ಮಂಗಳೂರು ಕಡೆಯಿಂದ ಹೋಗುವವರಿಗೆ ಈ ಉಬ್ಬರದ ಪಾಠ ಜಾಸ್ತಿ ಬೇಕು ಅಂತ ನನಗೆ ಅನಿಸುವುದು ಅದಕ್ಕೇ. ಘಟ್ಟದ ಮೇಲಿನವರು ಕಡಲು ಕಂಡರೆ ಹೆದರಿ ಹಿಂದೆ ನಿಲ್ಲುತ್ತಾರೆ. ನಾವು "ಕಡಲು ನಮಗೆ ಹೊಸತಾ" ಅಂತ ಸೀದಾ ಇಳಿಯುವವರು.

ಯಾವಾಗ ಹೋಗುವುದು

ಜೂನ್. ಕಣ್ಣು ಮುಚ್ಚಿ ಜೂನ್. ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲಿಂಗ್ ನಿಷೇಧ, 61 ದಿನ ಬೋಟುಗಳೆಲ್ಲ ಧಕ್ಕೆಯಲ್ಲಿ ಕಟ್ಟಿಕೊಂಡಿರುತ್ತವೆ, ಮೀನುಗಾರರ ಮನೆಯವರಿಗೆ ಬಿಡುವು ಸಿಗುವುದೇ ಆಗ. ಅಲ್ಲಿ ಶಾಲೆಗಳಿಗೆ ರಜೆ ಶುರುವಾಗುವುದು ಜುಲೈಯಲ್ಲಿ. ಜುಲೈ, ಆಗಸ್ಟ್ ತಿಂಗಳಲ್ಲಿ ಹೋದರೆ ಇಡೀ ಫ್ರಾನ್ಸ್ ಅಲ್ಲೇ ಇರುತ್ತದೆ, ರೂಮಿನ ಬಾಡಿಗೆ ಕೇಳಿದರೆ ತಲೆ ತಿರುಗುತ್ತದೆ. ಜೂನಿನಲ್ಲಿ ರಾತ್ರಿ ಹತ್ತು ಗಂಟೆಯಾದರೂ ಬೆಳಕಿರುತ್ತದೆ. ಸೆಪ್ಟೆಂಬರ್ ಕೂಡ ಒಳ್ಳೆಯದು.

ಬೇಸಿಗೆ ಅಂದ ಕೂಡಲೇ ಕಾಟನ್ ಅಂಗಿ ಮಾತ್ರ ತುಂಬಿಕೊಳ್ಳಬೇಡಿ. ಹಗಲು 20 ಡಿಗ್ರಿ ಇದ್ದರೆ ಅದೇ ಹೆಚ್ಚು. ಗಾಳಿ ನಿಲ್ಲುವುದೇ ಇಲ್ಲ. ಮಳೆ ನಮ್ಮ ಹಾಗೆ ಧೋ ಅಂತ ಸುರಿಯುವುದಿಲ್ಲ, ಸುಮ್ನೆ ಜಿಟಿಜಿಟಿ ಅಂತ ಬಂದು ಹೋಗುತ್ತದೆ, ಹತ್ತು ನಿಮಿಷಕ್ಕೆ ಬಿಸಿಲು, ಮತ್ತೆ ಮೋಡ. ಅಮ್ಮ ಊರಿಂದ ದೊಡ್ಡ ಕಪ್ಪು ಕೊಡೆ ತಂದಿದ್ದರು, ಕೋಟೆ ಗೋಡೆ ಹತ್ತಿದ ಮೊದಲ ದಿನವೇ ಅದು ಮಗುಚಿ ಕಡ್ಡಿ ಮುರಿಯಿತು. ಟೋಪಿ ಇರುವ ರೈನ್‌ಕೋಟು ತೆಗೆದುಕೊಂಡು ಹೋಗಿ. ಒಳಗೆ ಒಂದು ಸ್ವೆಟರ್. ಒದ್ದೆಯಾದರೂ ಅಡ್ಡಿಯಿಲ್ಲ ಅನ್ನುವಂಥ, ಹಿಡಿತ ಇರುವ ಶೂ. ಹವಾಯಿ ಚಪ್ಪಲಿ ಪಾಚಿ ಕಲ್ಲಿನ ಮೇಲೆ ನಡೆಯುವುದಿಲ್ಲ, ನೀವು ನಡೆಯುತ್ತೀರಿ, ಅದು ಜಾರುತ್ತದೆ.

ವೀಸಾ, ವಿಮಾನ, ರೈಲು

ಬೇಗ ಬೇಗ ಹೇಳಿ ಮುಗಿಸುತ್ತೇನೆ. ಬೇಕಾದದ್ದು ಷೆಂಗೆನ್ ವೀಸಾ. ದೊಡ್ಡವರಿಗೆ ಶುಲ್ಕ 90 ಯೂರೋ, ಸೇವಾ ಕೇಂದ್ರದವರ ಚಾರ್ಜು ಬೇರೆ. ಪ್ರವಾಸ ವಿಮೆ ಕಡ್ಡಾಯ, ಕನಿಷ್ಠ 30,000 ಯೂರೋ ಮೊತ್ತದ್ದು. ಹೊರಡುವ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು, 15 ದಿನಕ್ಕಿಂತ ಕಡಿಮೆ ಇದ್ದರೆ ಆಗುವುದಿಲ್ಲ. ಮೊದಲ ಸಲ ಹೋಗುವವರು ಬೆರಳಚ್ಚು ಕೊಡಲು ಬೆಂಗಳೂರಿಗೆ ಹೋಗಬೇಕು, ಅಂದರೆ ಒಂದು ರಾತ್ರಿ ಬಸ್ಸು, ಒಂದು ಹಗಲು ಕಾಯುವುದು, ಮತ್ತೊಂದು ರಾತ್ರಿ ಬಸ್ಸು. ವಯಸ್ಸಾದವರಿದ್ದರೆ ಅದಕ್ಕೆ ತಯಾರಾಗಿ.

ಸಾಮಾನು ಕಟ್ಟುವಾಗ ಒಂದು ವಿಷಯ. ಹಾಲಿನ ಮತ್ತು ಮಾಂಸದ ಪದಾರ್ಥ ಯುರೋಪಿನ ಒಳಗೆ ಒಯ್ಯುವ ಹಾಗಿಲ್ಲ. ತುಪ್ಪ, ಪೇಡ ಎಲ್ಲ ಮನೆಯಲ್ಲೇ ಇರಲಿ. ಕರಿಬೇವು ಕೂಡ ಬೇಡ. ತಮಾಷೆ ಎಂದರೆ ತೆಂಗಿನಕಾಯಿ ಮತ್ತು ಬಾಳೆಹಣ್ಣಿಗೆ ತಕರಾರಿಲ್ಲ. ಗಿಡ, ಹಣ್ಣುಗಳಿಗೆ ಪ್ರಮಾಣಪತ್ರ ಬೇಕು ಅನ್ನುವ ನಿಯಮದಿಂದ ಬಿಟ್ಟಿರುವ ಐದು ಹಣ್ಣುಗಳಲ್ಲಿ ಇವೆರಡೂ ಇವೆ. ಅಮ್ಮನಿಗೆ ಇದನ್ನು ಹೇಳಬಾರದಿತ್ತು, ಎರಡು ಕಾಯಿ ಸುಲಿದು ಸೂಟ್‌ಕೇಸಿಗೆ ಹಾಕಿದರು.

ಪ್ಯಾರಿಸ್ ಏರ್‌ಪೋರ್ಟಿನಲ್ಲಿ ಇಳಿದ ಮೇಲೆ ಮೋಂಪಾರ್ನಾಸ್ ಸ್ಟೇಷನ್ನಿಗೆ ಬರಬೇಕು. ಆರ್‌ಇಆರ್ ಬಿ ರೈಲು ಹಿಡಿದು ಡಾಂಫೇರ್ ರೋಶ್ರೋದಲ್ಲಿ ಇಳಿದು, ಅಲ್ಲಿಂದ 4 ಅಥವಾ 6ನೇ ನಂಬರಿನ ಮೆಟ್ರೋ. ಮೋಂಪಾರ್ನಾಸಿನಿಂದ ಸ್ಯಾಂ ಮಾಲೊಗೆ ಟಿಜಿವಿ ಎಂಬ ಅತಿವೇಗದ ರೈಲು. ದೂರ ಹೆಚ್ಚುಕಡಿಮೆ 400 ಕಿಲೋಮೀಟರ್, ಉಡುಪಿಯಿಂದ ಬೆಂಗಳೂರಿಗೆ ಇರುವಷ್ಟೇ. ನೇರ ರೈಲಾದರೆ ಎರಡೂವರೆ ಗಂಟೆಯೊಳಗೆ ಮುಟ್ಟಿಸುತ್ತದೆ. ರಾತ್ರಿಯಿಡೀ ಶಿರಾಡಿ ಘಾಟಿಯಲ್ಲಿ ತೂಗಾಡಿ ಅಭ್ಯಾಸವಾದ ಅಪ್ಪ, ಇಳಿಯುವಾಗ "ಇಷ್ಟೇಯಾ?" ಅಂತ ಕೇಳಿದರು. ನೇರ ರೈಲು ಸಿಗದಿದ್ದರೆ ರೆನ್ ಎಂಬ ಊರಿನಲ್ಲಿ ಬದಲಿಸಿ. ಟಿಕೆಟು ಎರಡು ಮೂರು ತಿಂಗಳ ಮೊದಲೇ ತೆಗೆಯಿರಿ, ಕೊನೆಗೆ ತೆಗೆದರೆ ದರ ಡಬಲ್ ಆಗುವುದೂ ಉಂಟು. ಪ್ಲಾಟ್‌ಫಾರ್ಮ್ ನಂಬರು ಹೊರಡುವ 20 ನಿಮಿಷ ಮುಂಚೆ ಬೋರ್ಡಿನಲ್ಲಿ ಬರುತ್ತದೆ, ಅಲ್ಲಿಯವರೆಗೆ ಗಾಬರಿಯಾಗಬೇಡಿ. ಬಾಗಿಲು ಮಾತ್ರ ಹೊರಡುವ 2 ನಿಮಿಷ ಮುಂಚೆಯೇ ಮುಚ್ಚುತ್ತದೆ. ಓಡಿ ಬಂದು ಹಾರಿ ಹತ್ತುವ ವಿದ್ಯೆ ಅಲ್ಲಿ ನಡೆಯುವುದಿಲ್ಲ.

ಉಳಿಯಲು ಕೋಟೆಯೊಳಗೆ ರೂಮು ಹುಡುಕಬೇಡಿ. ದುಬಾರಿ, ಲಗೇಜು ಎಳೆಯಲು ಕಲ್ಲುಹಾಸಿನ ಬೀದಿ, ಸಾಲದ್ದಕ್ಕೆ ಮೂರನೇ ಮಹಡಿಗೆ ಲಿಫ್ಟಿಲ್ಲ. ರೈಲ್ವೆ ಸ್ಟೇಷನ್ ಹತ್ತಿರವೋ, ಪಕ್ಕದ ಸ್ಯಾಂ ಸೆರ್ವಾಂ ಕಡೆಯೋ ಇದ್ದರೆ ಸಾಕು. ಸ್ಟೇಷನ್ನಿನಿಂದ ಕೋಟೆಗೆ 15-20 ನಿಮಿಷದ ನಡಿಗೆ.

ಈಗ ಕಡಲಿನ ವಿಷಯ

ಮಲ್ಪೆಯಲ್ಲಿ ಉಬ್ಬರಕ್ಕೂ ಇಳಿತಕ್ಕೂ ಇರುವ ಅಂತರ ಒಂದೂವರೆ ಮೀಟರಿನ ಆಸುಪಾಸು. ಬೀಚಿಗೆ ಹೋದವರು ಅದನ್ನು ಗಮನಿಸುವುದೂ ಇಲ್ಲ, ಭೇಲ್‌ಪುರಿ ಅಂಗಡಿಯವನು ಮೇಜು ನಾಲ್ಕು ಹೆಜ್ಜೆ ಹಿಂದೆ ಇಟ್ಟರೆ ಮುಗಿಯಿತು. ಸ್ಯಾಂ ಮಾಲೊದಲ್ಲಿ ದೊಡ್ಡ ಉಬ್ಬರದ ದಿನ ಆ ಅಂತರ 12-13 ಮೀಟರ್. ನಾಲ್ಕು ಮಾಳಿಗೆಯ ಕಟ್ಟಡದಷ್ಟು. ಯುರೋಪಿನಲ್ಲಿ ಅತಿ ಹೆಚ್ಚು ಉಬ್ಬರ ಬರುವ ಜಾಗಗಳಲ್ಲಿ ಇದೊಂದು.

ಯಾಕೆ ಹೀಗೆ? ಅಟ್ಲಾಂಟಿಕಿನಿಂದ ಬರುವ ನೀರು ಇಂಗ್ಲಿಷ್ ಚಾನೆಲ್ಲಿನ ಒಳಗೆ ನುಗ್ಗುತ್ತದೆ. ಹೋಗುತ್ತಾ ಹೋಗುತ್ತಾ ಜಾಗ ಕಿರಿದು, ಆಳ ಕಡಿಮೆ. ಎದುರಿಗೆ ಕೊತಾಂತಾಂ ಅಂತ ಒಂದು ಭೂಭಾಗ ಗೋಡೆಯ ಹಾಗೆ ಅಡ್ಡ ನಿಂತಿದೆ. ಹೋಗಲು ದಾರಿಯಿಲ್ಲದೆ ನೀರು ಆ ಮೂಲೆಯಲ್ಲಿ ಪೇರಿಕೊಳ್ಳುತ್ತದೆ. ಆ ಮೂಲೆಯಲ್ಲೇ ಇರುವುದು ಸ್ಯಾಂ ಮಾಲೊ.

ಮೊದಲ ದಿನ ಇಳಿತದ ಹೊತ್ತಿಗೆ ನಾವು ಕೋಟೆಯ ಬಾಗಿಲಿನಿಂದ ಮರಳಿಗೆ ಇಳಿದೆವು. ಕಡಲು ಎಲ್ಲೋ ದೂರ ಇತ್ತು. ಮಕ್ಕಳು ಫುಟ್ಬಾಲ್ ಆಡುತ್ತಿದ್ದರು. ಅಪ್ಪ ಕಡಲಿನ ಕಡೆ ನೋಡಲೇ ಇಲ್ಲ, ತಿರುಗಿ ಕೋಟೆಯ ಗೋಡೆ ನೋಡಿದರು. ಹತ್ತಿರ ಹೋಗಿ ಕಲ್ಲಿನ ಮೇಲೆ ಅಂಗೈ ಇಟ್ಟರು. ಅಂಗೈ ಕೆಳಗೆ ಹಸಿರು ಪಾಚಿ, ಟೋಪಿಯ ಹಾಗಿರುವ ಚಿಕ್ಕ ಚಿಪ್ಪುಗಳು ಕಲ್ಲಿಗೆ ಕಚ್ಚಿಕೊಂಡಿದ್ದವು. ಕೈ ಮೇಲೆತ್ತಿದರು. ತಲೆಗಿಂತ ಮೇಲೂ ಚಿಪ್ಪು. ತುದಿಗಾಲಲ್ಲಿ ನಿಂತು ಕೈ ಚಾಚಿದರೂ ಅದಕ್ಕಿಂತ ಮೇಲೆ ಕಪ್ಪು ಗೆರೆ. "ಮಾರಾಯ, ನೀರು ಇಲ್ಲಿವರೆಗೆ ಬರ್ತದೆ," ಅಂದರು. ಸಂಜೆ ಅದೇ ಜಾಗಕ್ಕೆ ಬಂದು ನೋಡಿದರೆ ಫುಟ್ಬಾಲ್ ಮೈದಾನ ಇಲ್ಲ, ಮೆಟ್ಟಿಲಿಲ್ಲ, ಅಲೆ ಗೋಡೆಗೆ ಹೊಡೆದು ಮೇಲೆ ನಡೆಯುವವರ ಮುಖಕ್ಕೆ ಸಿಡಿಯುತ್ತಿತ್ತು.

ಹಾಗಾಗಿ ಊರು ಮುಟ್ಟಿದ ಕೂಡಲೇ ಮಾಡಬೇಕಾದ ಕೆಲಸ, ಪ್ರವಾಸಿ ಕಚೇರಿಗೆ ಹೋಗಿ ಉಬ್ಬರದ ಪಟ್ಟಿ ತೆಗೆದುಕೊಳ್ಳುವುದು. ಅದರಲ್ಲಿ ಎರಡು ಗುರುತು ಇರುತ್ತವೆ, ಪಿಎಂ ಮತ್ತು ಬಿಎಂ. ದಯವಿಟ್ಟು ಗಮನಿಸಿ: ಪಿಎಂ ಅಂದರೆ ಮಧ್ಯಾಹ್ನದ ಮೇಲಿನ ಹೊತ್ತಲ್ಲ. ಪ್ಲೇನ್ ಮೇರ್, ತುಂಬಿದ ಕಡಲು. ಬಿಎಂ ಅಂದರೆ ಬಾಸ್ ಮೇರ್, ಇಳಿದ ಕಡಲು. ಇದೊಂದು ಗೊತ್ತಿದ್ದಿದ್ದರೆ ನನಗೆ ಅಪ್ಪನ ಬಾಯಲ್ಲಿ ಅಷ್ಟು ಕೇಳಬೇಕಾಗಿರಲಿಲ್ಲ.

ಪಟ್ಟಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಯಾವ ಸಮಯ ಅಂತ ಬರೆದಿರುತ್ತಾರೆ, ಅದನ್ನೂ ಓದಿ. ಕೆಲವು ಪಟ್ಟಿಯಲ್ಲಿ ಬೇಸಿಗೆಯ ಗಂಟೆ ಸೇರಿಸಿರುವುದಿಲ್ಲ, ನೀವೇ ಒಂದು ಗಂಟೆ ಕೂಡಿಸಬೇಕು. ಇನ್ನೊಂದು ಕಾಲಮಿನಲ್ಲಿ 20ರಿಂದ 120ರವರೆಗಿನ ಒಂದು ಸಂಖ್ಯೆ ಇರುತ್ತದೆ. ಅದು ಆ ದಿನದ ಉಬ್ಬರದ ಜೋರು. 70 ಸಾಧಾರಣ. 95 ದಾಟಿದರೆ ನೋಡಲೇಬೇಕಾದ ದಿನ. ಪಟ್ಟಿ ಇಲ್ಲದೆಯೂ ಒಂದು ಅಂದಾಜು ಮಾಡಬಹುದು: ಹುಣ್ಣಿಮೆ ಅಥವಾ ಅಮಾವಾಸ್ಯೆ ಕಳೆದು ಒಂದೂವರೆ ದಿನಕ್ಕೆ ಉಬ್ಬರ ಜೋರು. ಮನೆಯ ಪಂಚಾಂಗ ಸಾಕು. ವರ್ಷದ ಅತಿ ದೊಡ್ಡ ಉಬ್ಬರಗಳು ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ ಹಗಲು ರಾತ್ರಿ ಸಮ ಆಗುವ ದಿನಗಳ ಆಸುಪಾಸು, ಅಂದರೆ ನಮ್ಮ ಯುಗಾದಿ ಮತ್ತು ಮಹಾಲಯ ಅಮಾವಾಸ್ಯೆಯ ಆಚೀಚೆ. ದಿನದಿಂದ ದಿನಕ್ಕೆ ಉಬ್ಬರದ ಹೊತ್ತು ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. "ನಿನ್ನೆ ನಾಲ್ಕಕ್ಕೆ ದಾಟಿದೆವು, ಇವತ್ತೂ ನಾಲ್ಕಕ್ಕೆ" ಅನ್ನುವ ಲೆಕ್ಕ ಕೆಲಸಕ್ಕೆ ಬಾರದು.

ಇನ್ನೊಂದು ಲೆಕ್ಕ ತಾಂಡೇಲರಿಗೆಲ್ಲ ಗೊತ್ತು, ನನಗೆ ಗೊತ್ತಿರಲಿಲ್ಲ. ನೀರು ಒಂದೇ ವೇಗದಲ್ಲಿ ಏರುವುದಿಲ್ಲ. ಆರು ಗಂಟೆಯ ಏರಿಕೆಯನ್ನು ಹನ್ನೆರಡು ಪಾಲು ಮಾಡಿ: ಮೊದಲ ಗಂಟೆ ಒಂದು ಪಾಲು, ಎರಡನೇ ಗಂಟೆ ಎರಡು, ಮೂರು ಮತ್ತು ನಾಲ್ಕನೇ ಗಂಟೆ ಮೂರು ಮೂರು, ಆಮೇಲೆ ಎರಡು, ಕೊನೆಗೆ ಒಂದು. ಮಲ್ಪೆಯಲ್ಲಿ ಇದು ಮೊಣಕಾಲಿನ ಲೆಕ್ಕ. ಅಲ್ಲಿ 12 ಮೀಟರಿನ ದಿನ ಆದರೆ, ಮೂರನೇ ಗಂಟೆಯೊಂದರಲ್ಲೇ ಮೂರು ಮೀಟರ್. ನೀವು ಬಂಡೆಯ ಮೇಲೆ ಕೂತು ಬಿಸ್ಕತ್ತು ತಿನ್ನುವಾಗ ಒಂದು ಮಾಳಿಗೆ ಮುಳುಗಿರುತ್ತದೆ.

ನಾವು ಸಿಕ್ಕಿಬಿದ್ದದ್ದು

ಕೋಟೆಯ ಎದುರು ಗ್ರಾಂ ಬೇ ಅಂತ ಒಂದು ನಡುಗಡ್ಡೆ ಉಂಟು. ಇಳಿತದ ಹೊತ್ತಿಗೆ ಕಲ್ಲಿನ ಕಾಲುದಾರಿ ಮೇಲೆ ಬರುತ್ತದೆ, ನಡೆದು ಹೋಗಬಹುದು. ಸೇಂಟ್ ಮೇರೀಸ್ ದ್ವೀಪಕ್ಕೆ ಬೋಟಿಗೆ ಕಾಸು ಕೊಡುವ ನಮಗೆ ಇದು ಭಾರೀ ಖುಷಿ, ಅಲ್ವಾ. ಮೇಲೆ ಶತೋಬ್ರಿಯಾಂ ಎಂಬ ಫ್ರೆಂಚ್ ಲೇಖಕನ ಸಮಾಧಿ. 1768ರಲ್ಲಿ ಇದೇ ಊರಿನಲ್ಲಿ ಹುಟ್ಟಿ 1848ರಲ್ಲಿ ತೀರಿಕೊಂಡವನು. ಕಡಲು ಮತ್ತು ಗಾಳಿಯ ಸದ್ದು ಬಿಟ್ಟರೆ ಬೇರೇನೂ ಕೇಳಿಸಬಾರದು ಅಂತ ಅಲ್ಲಿ ಮಲಗಿದ್ದಾನೆ. ಕಲ್ಲಿನ ಮೇಲೆ ಹೆಸರೂ ಇಲ್ಲ, ಬರೀ ಒಂದು ಶಿಲುಬೆ.

ಪಟ್ಟಿಯಲ್ಲಿ ಪಿಎಂ ಎದುರು 19:40 ಅಂತ ಇತ್ತು. ಸಾಯಂಕಾಲದ ಇಳಿತ ಏಳು ನಲವತ್ತಕ್ಕೆ ಅಂದುಕೊಂಡೆ. 19 ಅಂತ ಬರೆದ ಮೇಲೆ ಮತ್ತೆ ಪಿಎಂ ಯಾಕೆ ಬರೆಯುತ್ತಾರೆ ಅಂತ ಒಂದು ಸಲವೂ ತಲೆಗೆ ಹೊಳೆಯಲಿಲ್ಲ. ಮೂರೂವರೆಗೆ ಆರಾಮಾಗಿ ದಾಟಿದೆವು. ಮೇಲೆ ಹೋಗಿ ಸಮಾಧಿ ನೋಡಿ, ಹುಲ್ಲಿನಲ್ಲಿ ಕೂತು, ಅಮ್ಮ ಚಕ್ಕುಲಿ ಡಬ್ಬಿ ತೆಗೆದರು. ಅಪ್ಪ ಮಾತ್ರ ಕೆಳಗೆ ನೋಡುತ್ತಲೇ ಇದ್ದರು. ಬಂಡೆಯ ಸಂದಿನಲ್ಲಿ ಉದ್ದುದ್ದ ಕಂದು ಪಾಚಿ ತೇಲುತ್ತಿತ್ತು, ಅದರ ತುದಿಗಳು ನಾವು ಬಂದಾಗ ಹೊರಗೆ ಕಡಲಿನ ಕಡೆ ಇದ್ದವಂತೆ, ಈಗ ದಡದ ಕಡೆ ತಿರುಗಿದ್ದವು. "ನೀರು ತಿರುಗಿ ಎಷ್ಟೋ ಹೊತ್ತಾಯ್ತು. ನಿನ್ನ ಕಾಗದ ಎಂತ ಹೇಳ್ತದೆ?" ಅಂದರು. ನಾವು ಇಳಿದು ಬರುವಷ್ಟರಲ್ಲಿ ಕಾಲುದಾರಿಯ ನಡುವಿನ ತಗ್ಗಿನಲ್ಲಿ ನೀರು ಬಂದಿತ್ತು. ಜಾಸ್ತಿ ಇಲ್ಲ, ಮೊಣಕಾಲಿನಷ್ಟು. ಆಚೆ ದಡ ಕೂಗಿದರೆ ಕೇಳುವಷ್ಟು ಹತ್ತಿರ. ನಾನು ಪ್ಯಾಂಟು ಮಡಚಿದೆ.

ಅಪ್ಪ ತೋಳು ಹಿಡಿದು ನಿಲ್ಲಿಸಿದರು. ಅಳಿವೆ ಬಾಯಲ್ಲಿ ನೀರು ಓಡುವಾಗ ಮೊಣಕಾಲು ನೀರಲ್ಲೇ ಕಾಲು ಕಿತ್ತು ಹೋದವರನ್ನು ಅವರು ಕಂಡಿದ್ದಾರೆ. ಎರಡೂ ಬದಿಯಿಂದ ಬರುವ ನೀರು ಆ ತಗ್ಗಿನಲ್ಲಿ ಸೇರಿ ಸುಳಿಯುತ್ತಿತ್ತು, ಕೆಳಗೆ ಪಾಚಿ ಕಲ್ಲು. ಐದು ನಿಮಿಷ ಕಳೆದು ನೋಡಿದರೆ ಸೊಂಟದ ಮಟ್ಟ. ನಾವು ಮೇಲೆ ಹತ್ತಿ ಕೂತೆವು. ನಮ್ಮ ಜೊತೆ ಇನ್ನೂ ಇಬ್ಬರು ಸಿಕ್ಕಿಬಿದ್ದಿದ್ದರು, ಅವರಿಗೆ ಚಕ್ಕುಲಿ ಕೊಟ್ಟೆವು, ಅವರು ನಮಗೆ ಚಾಕೊಲೇಟ್ ಕೊಟ್ಟರು. ಕಾಲುದಾರಿ ಮತ್ತೆ ಕಂಡದ್ದು ರಾತ್ರಿ ಹತ್ತು ಗಂಟೆಯ ಹೊತ್ತಿಗೆ.

ನಿಮಗೆ ಹೀಗಾದರೆ ಮಾಡಬೇಕಾದದ್ದೂ ಅದೇ. ದಾರಿಗೆ ನೀರು ಬಂತು ಅಂದರೆ ಇಳಿಯಬೇಡಿ, ಮೇಲೆ ಹೋಗಿ ಕೂತುಕೊಳ್ಳಿ, ಮುಂದಿನ ಇಳಿತದವರೆಗೆ ಕಾಯಿರಿ. ನಡುಗಡ್ಡೆ ಮುಳುಗುವುದಿಲ್ಲ. ಬಿಎಂ ಹೊತ್ತಿಗೆ ಒಂದೂವರೆ ಗಂಟೆ ಮುಂಚೆ ದಾಟಿ, ಬಿಎಂ ಆಗಿ ಒಂದು ಗಂಟೆಯೊಳಗೆ ವಾಪಸ್ ಹೊರಟರೆ ತಂಟೆಯಿಲ್ಲ. ಪಕ್ಕದಲ್ಲೇ ಇರುವ ಫೋರ್ ನಾಸಿಯೊನಾಲ್ ಎಂಬ 1689ರ ಕಲ್ಲಿನ ಕೋಟೆಗೂ ಇಳಿತದಲ್ಲಿ ಮಾತ್ರ ದಾರಿ.

ಉಳಿದದ್ದು ನೋಡಲು

ಕೋಟೆ ಗೋಡೆಯ ಮೇಲೆ ಒಂದು ಸುತ್ತು ಬನ್ನಿ, ಎರಡು ಕಿಲೋಮೀಟರಿಗಿಂತ ಸ್ವಲ್ಪ ಕಡಿಮೆ, ಟಿಕೆಟಿಲ್ಲ. ಇಳಿತದಲ್ಲಿ ಒಂದು ಸಲ, ಉಬ್ಬರದಲ್ಲಿ ಒಂದು ಸಲ. ಎರಡು ಬೇರೆ ಬೇರೆ ಊರು ನೋಡಿದ ಹಾಗಾಗುತ್ತದೆ. ಒಳಗಿನ ಕಟ್ಟಡಗಳು ನೋಡಲು ಇನ್ನೂರು ಮುನ್ನೂರು ವರ್ಷದ್ದರ ಹಾಗೆ ಕಂಡರೂ, ಹೆಚ್ಚಿನವು ಹಾಗಲ್ಲ. 1944ರ ಆಗಸ್ಟಿನಲ್ಲಿ ಯುದ್ಧದ ಬಾಂಬಿಗೆ ಊರಿನ ನೂರಕ್ಕೆ ಸುಮಾರು 80 ಭಾಗ ಸುಟ್ಟು ಹೋಯಿತು. ಹಳೇ ರೂಪದಲ್ಲೇ ಕಲ್ಲು ಜೋಡಿಸಿ ಮತ್ತೆ ಕಟ್ಟಿದ್ದಾರೆ.

ಗೋಡೆಯ ಮೇಲೆ ಕಡಲಿನ ಕಡೆ ಬೆರಳು ತೋರಿಸುತ್ತಾ ಒಬ್ಬ ನಿಂತಿದ್ದಾನೆ, ಸುರ್ಕೂಫ್. ರಾಜನ ಪರವಾನಗಿ ಇಟ್ಟುಕೊಂಡು ಶತ್ರು ಹಡಗು ದೋಚುವವರ ಊರು ಇದು. 1800ರಲ್ಲಿ ಇವನು ಕೆಂಟ್ ಎಂಬ ಇಂಗ್ಲಿಷ್ ಹಡಗನ್ನು ಹಿಡಿದದ್ದು ನಮ್ಮ ಬಂಗಾಳ ಕೊಲ್ಲಿಯಲ್ಲಿ. ಇನ್ನೊಬ್ಬ ಮಾಹೆ ದ ಲಾ ಬೂರ್ದೊನೆ, 1699ರಲ್ಲಿ ಇದೇ ಊರಿನಲ್ಲಿ ಹುಟ್ಟಿದವನು, 1725ರಲ್ಲಿ ಫ್ರೆಂಚರು ಮಾಹೆ ಹಿಡಿದಾಗ ಜೊತೆಗಿದ್ದವನು. ಮಂಗಳೂರಿನಿಂದ ಕೋಯಿಕ್ಕೋಡಿಗೆ ರೈಲಿನಲ್ಲಿ ಹೋಗುವಾಗ ಸಿಗುತ್ತದಲ್ಲ, ಅದೇ ಮಾಹೆ. ನಮ್ಮಲ್ಲಿ ಕೆಲವರಿಗೆ ಆ ಸ್ಟೇಷನ್ ಬೇರೆ ಕಾರಣಕ್ಕೆ ಚೆನ್ನಾಗಿ ಗೊತ್ತು.

ಬೋಂ ಸೆಕೂರ್ ಬೀಚಿನಲ್ಲಿ ಕಡಲ ನೀರಿನದೇ ಈಜುಕೊಳ ಇದೆ. ಉಬ್ಬರ ಬಂದಾಗ ಕೊಳ ಪೂರ್ತಿ ಮುಳುಗಿ, ಧುಮುಕುವ ಕಟ್ಟೆ ಮಾತ್ರ ಕಡಲ ನಡುವೆ ಒಂಟಿಯಾಗಿ ಕಾಣುತ್ತದೆ. ನೀರು ಇಳಿದಾಗ ಗೋಡೆಯೊಳಗೆ ಉಳಿದ ನೀರಲ್ಲಿ ಈಜಬಹುದು. ನಾನು ಇಳಿದೆ. ಬೇಸಿಗೆಯಲ್ಲೂ 17-18 ಡಿಗ್ರಿ ನೀರು, ಎರಡು ನಿಮಿಷಕ್ಕೆ ಎದ್ದು ಬಂದೆ, ಎಂಬತ್ತರ ಅಜ್ಜಿಯೊಬ್ಬರು ಆರಾಮಾಗಿ ಈಜುತ್ತಿದ್ದರು.

ಸಿಯೋಂ ಬೀಚ್ ಮೂರು ಕಿಲೋಮೀಟರ್ ಉದ್ದ. ಅಲ್ಲಿ ದಡದುದ್ದಕ್ಕೂ ಓಕ್ ಮರದ ದಿಮ್ಮಿಗಳನ್ನು ಸಾಲಾಗಿ ಹುಗಿದಿದ್ದಾರೆ, ಅಲೆಯ ಹೊಡೆತ ಮುರಿಯಲು. ಉಳ್ಳಾಲದಲ್ಲಿ ಕಡಲ್ಕೊರೆತಕ್ಕೆ ಲಾರಿಗಟ್ಟಲೆ ಬಂಡೆ ಸುರಿಯುವುದನ್ನು ಕಂಡವರಿಗೆ ಇದು ನೋಡಬೇಕಾದದ್ದೇ. ದೊಡ್ಡ ಉಬ್ಬರಕ್ಕೆ ಗಾಳಿಯೂ ಸೇರಿದರೆ ಅಲೆ ರಸ್ತೆಗೆ ಹಾರುತ್ತದೆ, ಮಳೆಗಾಲದ ಮರವಂತೆಯ ಹಾಗೆ. ಕಾರು ಅಲ್ಲಿ ನಿಲ್ಲಿಸಬೇಡಿ.

ದಿನಾರಿಗೆ ಬೇಸಿಗೆಯಲ್ಲಿ ಚಿಕ್ಕ ಫೆರಿ ಇದೆ, ಬಂದರಿನಿಂದ ಬೆಂಗ್ರೆಗೆ ದಾಟಿದ ಹಾಗೆ, ಹತ್ತು ನಿಮಿಷ. 19ನೇ ಶತಮಾನದಲ್ಲಿ ಶ್ರೀಮಂತ ಇಂಗ್ಲಿಷರು ಬಂದು ಬಂಡೆಗಳ ಮೇಲೆ ಬಂಗಲೆ ಕಟ್ಟಿಕೊಂಡ ಊರು. ಬೀಚಿನಲ್ಲಿ ಪಟ್ಟೆ ಪಟ್ಟೆ ಬಟ್ಟೆಯ ಡೇರೆಗಳು, ಹತ್ತಿರದಲ್ಲೇ ಸಿನಿಮಾ ನಿರ್ದೇಶಕ ಹಿಚ್‌ಕಾಕ್ ಪ್ರತಿಮೆ, ಭುಜದ ಮೇಲೆ ಹಕ್ಕಿ. ಕಡಲ ಪಕ್ಕದ ನಡಿಗೆ ದಾರಿಗೆ ಬೆಳದಿಂಗಳ ದಾರಿ ಅಂತಲೇ ಹೆಸರು, ಅಲ್ಲಿ ತಾಳೆ ಜಾತಿಯ ಮರ ನೋಡಿ ಅಮ್ಮನಿಗೆ ಸ್ವಲ್ಪ ಸಮಾಧಾನವಾಯಿತು. ಊರು ಚಂದ, ಆದರೆ ಅರ್ಧ ದಿನ ಸಾಕು.

ವಾಪಸ್ ಬರುವಾಗ ಫೆರಿ ಬಿಟ್ಟು ಬಸ್ಸಿನಲ್ಲಿ ಬನ್ನಿ. ಯಾಕೆಂದರೆ ರಸ್ತೆ ಹೋಗುವುದು ರಾನ್ಸ್ ನದಿಯ ಅಳಿವೆಗೆ ಕಟ್ಟಿದ ಅಣೆಕಟ್ಟಿನ ಮೇಲೆ. 1966ರಲ್ಲಿ ಶುರುವಾದ, ಉಬ್ಬರ ಇಳಿತದಿಂದಲೇ ಕರೆಂಟು ಮಾಡುವ ಸ್ಥಾವರ, ಇಷ್ಟು ದೊಡ್ಡ ಮಟ್ಟದಲ್ಲಿ ಪ್ರಪಂಚದಲ್ಲೇ ಮೊದಲನೆಯದು. ತಲಾ 10 ಮೆಗಾವಾಟಿನ 24 ಟರ್ಬೈನು, ಒಟ್ಟು 240 ಮೆಗಾವಾಟ್. ನಮ್ಮ ವಾರಾಹಿಯ 460ಕ್ಕೆ ಹೋಲಿಸಿದರೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಅಪ್ಪ ಬಸ್ಸಿನ ಕಿಟಕಿಯಿಂದ ಎರಡೂ ಬದಿಯ ನೀರಿನ ಮಟ್ಟ ನೋಡಿದರು. ಒಂದು ಬದಿ ಮೇಲೆ, ಒಂದು ಬದಿ ಕೆಳಗೆ. ಇಡೀ ಪ್ರವಾಸದಲ್ಲಿ ಅವರು ತಾವಾಗಿ ಫೋಟೋ ತೆಗೆ ಅಂದದ್ದು ಅಲ್ಲಿ ಮಾತ್ರ.

ಮೋಂ ಸ್ಯಾಂ ಮಿಶೆಲ್‌ಗೆ ಇಲ್ಲಿಂದ ಬಸ್ಸಿದೆ, ಸುಮಾರು 55 ಕಿಲೋಮೀಟರ್. ಹೋಗಿ. ಆದರೆ ಅಲ್ಲಿನ ಕೆಸರು ಬಯಲಿಗೆ ಗೈಡ್ ಇಲ್ಲದೆ ಇಳಿಯಬೇಡಿ, ಕಾಲು ಹೂತುಕೊಳ್ಳುವ ಮರಳು ಉಂಟು, ಮೇಲೆ ಹೇಳಿದ ನೀರೇ ಅಲ್ಲಿಗೂ ಬರುವುದು.

ಹೊಟ್ಟೆಯ ವಿಷಯ

ಅಂಗಡಿಗೆ, ಹೋಟೆಲಿಗೆ ಕಾಲಿಟ್ಟ ಕೂಡಲೇ ಬೋಂಜೂರ್ ಅನ್ನಿ. ಅನ್ನದೆ ಸೀದಾ ಆರ್ಡರ್ ಮಾಡಿದರೆ ಮುಖ ಗಂಟು ಹಾಕುತ್ತಾರೆ. ಊಟ ಮಧ್ಯಾಹ್ನ 12ರಿಂದ 2, ರಾತ್ರಿ 7ರ ಮೇಲೆ. ನಡುವೆ ಮೂರು ಗಂಟೆಗೆ ಹಸಿದರೆ ಬೇಕರಿಯೇ ಗತಿ. ಸೋಮವಾರ ಎಷ್ಟೋ ಹೋಟೆಲು ಬಂದ್. ಕುಡಿಯುವ ನೀರಿಗೆ ಬಾಟಲಿ ಕೇಳಬೇಡಿ, "ಯೂನ್ ಕರಾಫ್ ದೋ" ಅಂದರೆ ನಲ್ಲಿ ನೀರು ಜಗ್ಗಿನಲ್ಲಿ ಬಿಟ್ಟಿ ಕೊಡುತ್ತಾರೆ.

ಅಲ್ಲಿಯ ಮುಖ್ಯ ತಿಂಡಿ ಗ್ಯಾಲೆಟ್. ನೋಡಲು ರಾಗಿ ದೋಸೆಯ ಬಣ್ಣ. ಬಕ್‌ವೀಟ್ ಅನ್ನುವ ಕಾಳಿನ ಹಿಟ್ಟು, ನೀರು, ಉಪ್ಪು, ಅಷ್ಟೇ. ದೊಡ್ಡ ಗುಂಡು ಕಬ್ಬಿಣದ ಕಾವಲಿಗೆ ಬಿಲ್ಲಿಗ್ ಅನ್ನುತ್ತಾರೆ, ಹಿಟ್ಟು ಹರಡಲು ಸೌಟಲ್ಲ, ಒಂದು ಕಡ್ಡಿಗೆ ಅಡ್ಡ ಕಡ್ಡಿ ಹೊಡೆದ ಮರದ ಸಾಧನ. ಆ ಹೆಂಗಸು ಹಿಟ್ಟು ಸುರಿದು, ಮಣಿಕಟ್ಟು ಮಾತ್ರ ತಿರುಗಿಸಿ ಒಂದೇ ಸುತ್ತಿಗೆ ಕಾಗದದಷ್ಟು ತೆಳ್ಳಗೆ ಎಳೆದದ್ದನ್ನು ಅಮ್ಮ ಬಾಯಿ ಬಿಟ್ಟು ನೋಡಿದರು. ಆಮೇಲೆ ಮೊಟ್ಟೆ ಒಡೆದು, ಚೀಸ್ ಉದುರಿಸಿ, ನಾಲ್ಕು ಬದಿ ಮಡಚಿ ಚೌಕ ಮಾಡುತ್ತಾರೆ. 10ರಿಂದ 15 ಯೂರೋ.

ಮೆನುವಿನಲ್ಲಿ ಕೊಂಪ್ಲೆತ್ ಅಂತ ಇದ್ದರೆ ಅದರಲ್ಲಿ ಹಂದಿ ಮಾಂಸ ಇರುತ್ತದೆ. ಬೇಡದವರು "ಸಾಂ ಜಂಬೋಂ" ಅನ್ನಿ. ಅಮ್ಮ ಸೋಮವಾರ, ಶನಿವಾರ ಮೀನು ಮಾಂಸ ಮುಟ್ಟುವುದಿಲ್ಲ, ಮೊಟ್ಟೆಯೂ ಇಲ್ಲ. ಅವರಿಗೆ ಚೀಸ್ ಮತ್ತು ಅಣಬೆ ಹಾಕಿಸಿದೆವು, ಫ್ರೊಮಾಜ್, ಶಾಂಪಿನ್ಯೋಂ. ಪಕ್ಕಾ ಸಸ್ಯಾಹಾರಿಗಳು ಇನ್ನೊಂದು ಕೇಳಿಕೊಳ್ಳಿ: ಕಾವಲಿಗೆ ಹಂದಿ ಕೊಬ್ಬು ಸವರುವ ಹಳೇ ರೂಢಿ ಕೆಲವು ಕಡೆ ಉಂಟು. ಬೆಣ್ಣೆ ಹಾಕಿ ಅಂದರೆ ಸಂತೋಷದಿಂದ ಹಾಕುತ್ತಾರೆ, ಅಲ್ಲಿ ಬೆಣ್ಣೆ ಅಂದರೆ ಉಪ್ಪು ಬೆಣ್ಣೆಯೇ. ಸಿಹಿ ತಿನ್ನುವವರು ಗೋಧಿ ಹಿಟ್ಟಿನ ಕ್ರೇಪ್ ತಿನ್ನಿ, ಅದರಲ್ಲಿ ಮೊಟ್ಟೆ ಇರುತ್ತದೆ.

ಮೀನು ಮಾರುಕಟ್ಟೆಗೆ ಹೋದರೆ ಅರ್ಧ ನೆಂಟರೇ. ಬಂಗುಡೆ, ನಂಗ್, ತೊರಕೆ, ಬೊಂಡಾಸ್ ಎಲ್ಲದರ ಅಲ್ಲಿಯ ಅಣ್ಣತಮ್ಮಂದಿರು ಐಸಿನ ಮೇಲೆ ಮಲಗಿರುತ್ತಾರೆ. ಹೋಟೆಲಿನಲ್ಲಿ ಮಾತ್ರ ಖಾರ ಇಲ್ಲ, ಹುಳಿ ಇಲ್ಲ, ಬೆಣ್ಣೆ, ನಿಂಬೆ. ಚಟ್ನಿಪುಡಿ ಪೊಟ್ಟಣ ಜೇಬಿನಲ್ಲಿರಲಿ. ಅಡುಗೆಮನೆ ಇರುವ ರೂಮು ಸಿಕ್ಕರೆ ಬಂಗುಡೆ ತಂದು ನೀವೇ ಪುಳಿಮುಂಚಿ ಮಾಡಿ, ಅಮ್ಮನ ಎರಡು ತೆಂಗಿನಕಾಯಿ ಖರ್ಚಾದದ್ದೂ ಅಲ್ಲೇ. ಹುರಿಯುವಾಗ ಕಿಟಕಿ ತೆರೆಯಿರಿ, ಹೊಗೆಯ ಅಲಾರಾಂ ಕೂಗುತ್ತದೆ. ಹೇಗೆ ಗೊತ್ತು ಅಂತ ಕೇಳಬೇಡಿ.

ಕಂಕಾಲ್ ಅಂತ 15 ಕಿಲೋಮೀಟರ್ ದೂರದ ಊರು ಆಯಿಸ್ಟರ್ ಎಂಬ ಕಡಲ ಚಿಪ್ಪಿಗೆ ಹೆಸರುವಾಸಿ. ಧಕ್ಕೆಯ ಪಕ್ಕದಲ್ಲೇ ಸಾಲು ಅಂಗಡಿ, ಡಜನ್ ಲೆಕ್ಕದಲ್ಲಿ ಒಡೆದು ನಿಂಬೆಹಣ್ಣಿನ ಜೊತೆ ಕೊಡುತ್ತಾರೆ, ಹಸಿಯಾಗಿ ನುಂಗಿ ಚಿಪ್ಪನ್ನು ಅಲ್ಲೇ ದಡಕ್ಕೆ ಎಸೆಯುವುದು. ನಂಬರು ನೋಡಿ ಕೊಳ್ಳಿ, ನಂಬರು ದೊಡ್ಡದಾದಷ್ಟೂ ಚಿಪ್ಪು ಚಿಕ್ಕದು, ಮೊದಲ ಸಲದವರಿಗೆ 4 ಅಥವಾ 5 ಸಾಕು. ಬೇಸಿಗೆಯಲ್ಲಿ ಒಳಗೆ ಹಾಲಿನ ಹಾಗೆ ಬೆಳ್ಳಗೆ ಇರುತ್ತದೆ, ಕೆಟ್ಟದ್ದಲ್ಲ, ಮೊಟ್ಟೆ ಕಟ್ಟುವ ಕಾಲ ಅಷ್ಟೇ. ಅಪ್ಪ ಒಂದು ನುಂಗಿದರು, ಸ್ವಲ್ಪ ಹೊತ್ತು ಸುಮ್ಮನಿದ್ದರು. "ಮರುವಾಯಿ ಸುಕ್ಕ ಮಾಡಲು ಗೊತ್ತಿಲ್ಲ ಪಾಪ, ಅದಕ್ಕೆ ಹಸಿ ತಿನ್ನುವುದು," ಅಂದರು.

ಕೈಯಲ್ಲಿ ತಿಂಡಿ ಹಿಡಿದುಕೊಂಡು ಗೋಡೆಯ ಮೇಲೆ ನಡೆಯುವಾಗ ಕಡಲಕಾಗೆಗಳ ಮೇಲೆ ಕಣ್ಣಿಡಿ. ಮಲ್ಪೆ ಧಕ್ಕೆಯ ಗಿಡುಗನಿಗಿಂತ ಜೋರು. ಹಿಂದಿನಿಂದ ಬರುತ್ತವೆ. ಅಮ್ಮನ ಸಕ್ಕರೆ ಕ್ರೇಪ್ ಒಂದೇ ಎಗರಿಗೆ ಹೋಯಿತು, ಕೈಯಲ್ಲಿ ಉಳಿದದ್ದು ಕಾಗದ.

ಊರಿಗೆ ತರಲು ಮೀನಿನ ಡಬ್ಬಿ, ಅಲಂಕಾರದ ಸಾಮಾನು ಎಲ್ಲ ಸಿಗುತ್ತದೆ. ನನ್ನ ಮಟ್ಟಿಗೆ ತರಬೇಕಾದದ್ದು ಒಂದು ಕಿಲೋ ಆ ಗ್ಯಾಲೆಟ್ ಹಿಟ್ಟು. ನೀರು ಉಪ್ಪು ಹಾಕಿ ನೀರುದೋಸೆಗಿಂತ ಸ್ವಲ್ಪ ದಪ್ಪಕ್ಕೆ ಕಲಸಿ, ಎರಡು ಗಂಟೆ ಬಿಡಿ. ಕಾವಲಿ ಚೆನ್ನಾಗಿ ಕಾಯಬೇಕು. ಅಮ್ಮ ಅಭ್ಯಾಸದಂತೆ ನೀರುದೋಸೆಯ ಹಾಗೆ ಎರಚಿದರು, ಮೊದಲ ಮೂರು ಕಾವಲಿಗೇ ಅಂಟಿಕೊಂಡವು. ನಾಲ್ಕನೆಯದನ್ನು ಸೌಟಿನ ಬೆನ್ನಿನಲ್ಲಿ ಎಳೆದರು, ಅಂಚು ತಾನಾಗಿ ಎದ್ದಿತು. ಹೊರಗೆ ಮಳೆ, ಟ್ರಾಲಿಂಗ್ ಬಂದ್ ಆದ್ದರಿಂದ ಹಸಿ ಮೀನಿಲ್ಲ. ಒಣಮೀನಿನ ಚಟ್ನಿಯಲ್ಲಿ ತಿಂದೆವು.